ತೂತು ಬಿದ್ದ ಎಲೆ: ಕಾರವಾರ, ಅಂಕೋಲೆಯ ಹಿತ್ತಲುಗಳಲ್ಲಿ ಗಿಡ, ಹುಳು ಮತ್ತು ಬಳಗ



ಮೇಜಿನ ಮೇಲೆ ನೀವು ಕೊಟ್ಟ ಹೂಗುಚ್ಛದ ಪಕ್ಕದಲ್ಲಿ ನಾನೊಂದು ಡಬ್ಬಿ ಇಟ್ಟಿದ್ದೇನೆ. ಮೊನ್ನೆ ಮೊನ್ನೆಯವರೆಗೆ ಅದರಲ್ಲಿ ಶೇಂಗಾ ಚಿಕ್ಕಿ ಇತ್ತು. ಈಗ ಒಂದು ಕರಿಬೇವಿನ ಕಡ್ಡಿ ಇದೆ. ಕಡ್ಡಿಗೆ ಸೊಂಟಪಟ್ಟಿಯಂತೆ ಒಂದೆಳೆ ನೂಲು ಬಿಗಿದುಕೊಂಡು, ಓರೆಯಾಗಿ ಆತು ನಿಂತ ಒಂದು ಚಿಟ್ಟೆಯ ಕೋಶ ಇದೆ. ಇದನ್ನು ಏಕೆ ತಂದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಅಧ್ಯಕ್ಷರು ನೀರಿನ ಲೋಟ ತೆಗೆದುಕೊಳ್ಳುವಾಗ ಅದನ್ನು ತಳ್ಳಬಾರದು ಎಂದಷ್ಟೇ ಸದ್ಯಕ್ಕೆ ವಿನಂತಿ.

ಮೂವತ್ತು ವರ್ಷ ಸಸ್ಯಶಾಸ್ತ್ರದ ಪಾಠ ಮಾಡಿದವಳು ನಾನು. ನಿವೃತ್ತಿಯ ನಂತರ ಕಾರವಾರದ ನಮ್ಮ ಬೀದಿಯ ಹತ್ತು ಹದಿನೈದು ಮಂದಿ ಹೆಂಗಸರ ಒಂದು ಹೂಗಿಡದ ಬಳಗದಲ್ಲಿ ಇದ್ದೇನೆ. ಅದಕ್ಕೆ ಹೆಸರಿಲ್ಲ, ನೋಂದಣಿಯಿಲ್ಲ, ಖಜಾಂಚಿಯಂತೂ ಇಲ್ಲವೇ ಇಲ್ಲ. ಈ ಎರಡು ಅನುಭವಗಳ ನಡುವೆ ನಿಂತು ಇಂದು ನಾಲ್ಕು ವಿಷಯ ಮಾತಾಡಬೇಕೆಂದಿದ್ದೇನೆ. ಮೊದಲನೆಯದು, ನೂರಮೂವತ್ತು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಹುಳು ಸಾಕಿದ ಮೂವರ ಕಥೆ. ಎರಡನೆಯದು, ನಮ್ಮ ಹಿತ್ತಲಿನಲ್ಲಿ ಯಾರು ಮೂಲದವರು, ಯಾರು ಬಂದವರು ಎಂಬ ವಿಚಾರ. ಮೂರನೆಯದು, ಎಲೆ ತಿನ್ನುವವರ ಪರವಾಗಿ ಒಂದು ವಕಾಲತ್ತು. ನಾಲ್ಕನೆಯದು, ಗಿಡ ಬೆಳೆಸುವವರು ಒಟ್ಟು ಸೇರಿದಾಗ ಏನಾಗುತ್ತದೆ ಎಂಬುದು. ಅಂಕೋಲೆ ಎಂಬ ಹೆಸರೇ ಅಂಕೋಲೆ ಮರದಿಂದ ಬಂತೆಂಬ ಮಾತಿದೆಯಲ್ಲ, ಮರದ ಹೆಸರು ಹೊತ್ತ ಊರಲ್ಲಿ ಗಿಡದ ಮಾತಾಡಲು ಬೇರೆ ಪೀಠಿಕೆ ಬೇಡ.

ಮೊದಲ ವಿಷಯಕ್ಕೆ ಬರುತ್ತೇನೆ.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಕಾರವಾರಕ್ಕೆ ಜಿಲ್ಲಾ ಕೇಂದ್ರದ ಕಳೆ ಬಂತು. ಆ ಶತಮಾನದ ಕೊನೆಯ ಹೊತ್ತಿಗೆ ಈ ಜಿಲ್ಲೆಯಲ್ಲಿ ಮೂವರು ಬ್ರಿಟಿಷ್ ಅಧಿಕಾರಿಗಳಿದ್ದರು. ಜೆ. ಡೇವಿಡ್ಸನ್ ಕಲೆಕ್ಟರು. ಇ.ಎಚ್. ಏಟ್ಕಿನ್ ಉಪ್ಪು ಮತ್ತು ಸುಂಕದ ಇಲಾಖೆಯವರು. 1883ರಲ್ಲಿ ಮುಂಬಯಿಯಲ್ಲಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಇವರೂ ಒಬ್ಬರು, ‘ಈಹಾ’ ಎಂಬ ಹೆಸರಲ್ಲಿ ನಗೆಬರಹ ಬರೆಯುತ್ತಿದ್ದವರು. ಮೂರನೆಯವರು ಅರಣ್ಯ ಇಲಾಖೆಯ ಟಿ.ಆರ್. ಬೆಲ್, ಐರ್ಲೆಂಡಿನವರು. ಒಬ್ಬರಿಗೆ ಕಂದಾಯ, ಒಬ್ಬರಿಗೆ ಉಪ್ಪು, ಒಬ್ಬರಿಗೆ ಸಾಗವಾನಿ. ಮೂವರಿಗೂ ಸಮಾನವಾಗಿದ್ದ ಹುಚ್ಚು ಒಂದೇ, ಕಂಬಳಿಹುಳು.

ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವ ಶೋಕಿ ಆಗ ಬಿಳಿಯರಲ್ಲಿ ಬೇಕಾದಷ್ಟು ಇತ್ತು. ಈ ಮೂವರು ಮಾಡಿದ್ದು ಬೇರೆ. ಅವರು ಮೊಟ್ಟೆ ಹುಡುಕಿದರು, ಮೊಟ್ಟೆಯಿಂದ ಬಂದ ಹುಳುವಿಗೆ ದಿನಾ ಬೆಳಿಗ್ಗೆ ಅದೇ ಜಾತಿಯ ಗಿಡದ ಹೊಸ ಎಲೆ ಕೊಟ್ಟರು, ಹಿಕ್ಕೆ ಗುಡಿಸಿದರು, ಕೋಶ ಕಟ್ಟುವುದನ್ನು ಕಾದರು, ಹೊರಬಂದದ್ದು ಯಾವ ಚಿಟ್ಟೆ ಎಂದು ಬರೆದಿಟ್ಟರು. 1890ರಲ್ಲಿ ಡೇವಿಡ್ಸನ್ ಮತ್ತು ಏಟ್ಕಿನ್ ಮುಂಬಯಿ ಸೊಸೈಟಿಯ ಪತ್ರಿಕೆಯಲ್ಲಿ ಮುಂಬಯಿ ಪ್ರಾಂತ್ಯದ ಕೆಲವು ಚಿಟ್ಟೆಗಳ ಮರಿಹುಳು ಮತ್ತು ಕೋಶಗಳ ಬಗ್ಗೆ ಲೇಖನ ಪ್ರಕಟಿಸಿದರು. 1896ರಿಂದ ಮೂವರ ಹೆಸರಿನಲ್ಲಿ ಜಿಲ್ಲೆಯ ಚಿಟ್ಟೆಗಳ ದೀರ್ಘ ಸರಣಿಯೇ ಬಂತು. ಯಾವ ಹುಳು ಯಾವ ಎಲೆ ತಿನ್ನುತ್ತದೆ ಎಂಬ ಲೆಕ್ಕ ಅಷ್ಟು ಚೊಕ್ಕವಾಗಿ ಆವರೆಗೆ ನಮ್ಮ ದೇಶದ ಹೆಚ್ಚು ಜಿಲ್ಲೆಗಳಿಗೆ ಸಿಕ್ಕಿರಲಿಲ್ಲ.

ಇಬ್ಬರು ಹೊರಟು ಹೋದರು. ಬೆಲ್ ಹೋಗಲಿಲ್ಲ. ನೌಕರಿ ಮುಗಿದ ಮೇಲೆ ಕಾರವಾರದಲ್ಲೇ ಉಳಿದರು, 1948ರಲ್ಲಿ ಇಲ್ಲೇ ತೀರಿಕೊಂಡರು. ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ 1909ರಿಂದ ವರ್ಷಗಟ್ಟಲೆ ಬರೆದರು. 1937ರಲ್ಲಿ ಎಫ್.ಬಿ. ಸ್ಕಾಟ್ ಅವರ ಜತೆ ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಹಾಕ್ ಮಾತ್ ಪತಂಗಗಳ ಸಂಪುಟ ತಂದರು. ರವೀಂದ್ರನಾಥ ಟ್ಯಾಗೋರರು ತರುಣರಾಗಿದ್ದಾಗ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಕೆಲವು ಕಾಲ ಇದ್ದರೆಂದು ನಾವು ಕಡಲತೀರಕ್ಕೇ ಅವರ ಹೆಸರಿಟ್ಟಿದ್ದೇವೆ. ಇಡಬೇಕಾದ್ದೇ. ಆದರೆ ಜೀವಮಾನವನ್ನೇ ಇಲ್ಲಿ ಕಳೆದ ಬೆಲ್ ಅವರ ಹೆಸರನ್ನು ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಅದು ಅವರ ತಪ್ಪಲ್ಲ. ಐವತ್ತು ದಾಟುವವರೆಗೆ ನಾನೂ ಕೇಳಿರಲಿಲ್ಲ.

ಒಂದು ಕೊರಗು ಹೇಳಿ ಮುಂದೆ ಹೋಗುತ್ತೇನೆ. ಕಲೆಕ್ಟರು ತಾವೇ ಮುಳ್ಳುಕಂಟಿಗೆ ನುಗ್ಗಿ ಎಲೆ ತರುತ್ತಿದ್ದರೆಂದು ನಂಬುವುದು ಕಷ್ಟ. ಗಿಡ ತೋರಿಸಿದವರು, ಅದರ ಹೆಸರು ಹೇಳಿದವರು, ಮರ ಹತ್ತಿದವರು ಈ ನೆಲದ ಜನರೇ ಇರಬೇಕು. ಅವರ ಹೆಸರು ನಮ್ಮವರೆಗೆ ಬರಲಿಲ್ಲ. ಅದಕ್ಕಿಂತ ಇನ್ನೂರು ವರ್ಷ ಹಿಂದೆ ಡಚ್ಚರು ಹನ್ನೆರಡು ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಅಚ್ಚು ಹಾಕಿದಾಗ, 1678ರ ಮೊದಲ ಸಂಪುಟದಲ್ಲೇ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ವೈದ್ಯರು ನಾಗರಿ ಲಿಪಿಯಲ್ಲಿ, ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಸೇರಿತ್ತು. ಕಾರವಾರದ ಕೊಂಕಣಿಗರು ಇವತ್ತೂ ಓದಿ ಅರ್ಥಮಾಡಿಕೊಳ್ಳಬಹುದಾದ ಭಾಷೆ. ಹೇಳಿಕೊಟ್ಟವರ ಹೆಸರು ಬರೆಯುವ ಸೌಜನ್ಯ ಆ ಕಾಲಕ್ಕೇ ಇತ್ತು ಎಂದಾಯಿತು.

ಇನ್ನು ಎರಡನೆಯ ವಿಷಯ, ಹಿತ್ತಲು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. ಉಳಿದ ಎಂಟು ತಿಂಗಳು ಉಪ್ಪುಗಾಳಿ ಮತ್ತು ಬೆವರು. ಇಂಥ ಹವೆಯಲ್ಲಿ ಗಿಡ ಬೆಳೆಸುವುದು ಕಷ್ಟವಲ್ಲ, ಬೆಳೆಯದಂತೆ ತಡೆಯುವುದು ಕಷ್ಟ. ನಮ್ಮ ಕರಾವಳಿಯ ಹಿತ್ತಲಲ್ಲಿ ತೆಂಗಿನ ಕೆಳಗೆ ಬಾಳೆ, ಬಾಳೆಯ ಕೆಳಗೆ ಕೆಸು, ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಬೇಲಿಗೆ ದಾಸವಾಳ, ಬಾವಿಕಟ್ಟೆಯ ಹತ್ತಿರ ಅಬ್ಬಲಿಗೆ. ಇದನ್ನು ಯಾರೂ ನಕ್ಷೆ ಹಾಕಿ ಮಾಡಿದ್ದಲ್ಲ. ಎಲ್ಲಿ ನೀರು ಹರಿಯಿತೋ ಅಲ್ಲಿ ಗಿಡ ನಿಂತಿತು.

ಇವುಗಳಲ್ಲಿ ಬಂದವರೂ ಇದ್ದಾರೆ. ದೀಪಾವಳಿಗೆ ಮಾಲೆ ಮಾಡುವ ಗೊಂಡೆಹೂವು ಮೆಕ್ಸಿಕೋ ಕಡೆಯದು. ಗೇರುಮರ ಪೋರ್ಚುಗೀಸರ ಜತೆ ಬ್ರೆಜಿಲಿನಿಂದ ಬಂತು, ಬೋಗನ್‌ವಿಲ್ಲಾದ ತವರೂ ಆ ಕಡೆಯೇ. ದೇವರಿಗೆ ಏರಿಸುವ ದೇವಕಣಗಿಲೆ ಅಮೆರಿಕ ಖಂಡದ್ದು. ಹೊರಗಿನದೆಂದು ಯಾವುದನ್ನೂ ಕಿತ್ತು ಎಸೆಯಬೇಕೆಂದು ನಾನು ಹೇಳುವುದಿಲ್ಲ. ಗೇರುಬೀಜ ಬಿಟ್ಟರೆ ನಮಗೆ ಹಬ್ಬದ ಪಾಯಸವೇ ಇಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಬಂದ ಗಿಡದ ಹೂವಿನ ಮೇಲೆ ನಮ್ಮ ಚಿಟ್ಟೆಗಳು ಊಟಕ್ಕೆ ಕೂರುತ್ತವೆ, ಆದರೆ ಅದರ ಎಲೆಯ ಮೇಲೆ ಮೊಟ್ಟೆ ಇಡುವುದು ಅಪರೂಪ. ಹೊಟೇಲಿಗೆ ಹೋಗುವುದು ಬೇರೆ, ಬಾಣಂತನಕ್ಕೆ ಹೋಗುವ ಮನೆ ಬೇರೆ.

ಹೂವಿನ ವಿಷಯ ಎತ್ತಿದ ಮೇಲೆ ಸುರಗಿಯ ಬಳಿ ಒಂದಿಷ್ಟು ನಿಲ್ಲದೆ ಮುಂದೆ ಹೋಗಲಾರೆ. ಪಶ್ಚಿಮಘಟ್ಟ ಮತ್ತು ಅದರ ಬುಡದ ಕರಾವಳಿ ಬಿಟ್ಟರೆ ಸುರಗಿಮರ ಬೇರೆಲ್ಲೂ ತಾನಾಗಿ ಬೆಳೆಯದು. ಚಳಿ ಇಳಿದು ಸೆಕೆ ಏರುವ ಹೊತ್ತಿಗೆ ಅದರ ಗೆಣ್ಣುಗೆಣ್ಣಿಗೆ ಬಿಳಿ ಮೊಗ್ಗು ಮುತ್ತಿಕೊಳ್ಳುತ್ತದೆ. ಅರಳುವ ಮುಂಚೆ, ಇನ್ನೂ ಬೆಳಕು ಹರಿಯದಾಗ ಕೊಯ್ಯಬೇಕು. ಅರಳಿದರೆ ಹಳದಿ ಕೇಸರ ಉದುರಿ ಹೂ ಬೋಳಾಗುತ್ತದೆ. ನಾನು ಚಿಕ್ಕವಳಿದ್ದಾಗ ಮರದ ಕೆಳಗೆ ಹಳೆಯ ಸೀರೆ ಹಾಸಿ, ಅಜ್ಜಿ ಮೇಲೆ ನೋಡಿ, “ಸುಮ್ಮನಿರು, ಕೇಳು” ಎನ್ನುತ್ತಿದ್ದಳು. ಆಗ ಕೇಳುತ್ತಿದ್ದುದು ಇಡೀ ಮರದ ಗುಂಯ್‌ಗುಡುವಿಕೆ. ತುಡುವೆ ಮತ್ತು ಮಿಸ್ರಿ ಜೇನುಗಳು ನಮಗಿಂತ ಮೊದಲೇ ಎದ್ದು ಬಂದಿರುತ್ತಿದ್ದವು. ದಂಡೆ ಕಟ್ಟಿದ ಸುರಗಿ ಬಾಡಿ ಕಂದಾದ ಮೇಲೂ ಪರಿಮಳ ಬಿಡುವುದಿಲ್ಲ, ಪೆಟ್ಟಿಗೆಯ ಸೀರೆಯ ಮಡಿಕೆಯಲ್ಲಿ ಮುಂದಿನ ವರ್ಷದವರೆಗೆ ಇರುತ್ತದೆ. ಕಾರವಾರದ ಭಾನುವಾರದ ಸಂತೆಯಲ್ಲಿ ಈ ದಂಡೆ ಕಂಡರೆ ನಾನು ಬೆಲೆ ಕೇಳದೆ ಕೊಳ್ಳುತ್ತೇನೆ. ಮಾರುವ ಅಕ್ಕನಿಗೂ ಅದು ಗೊತ್ತು.

1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಗೂಡುಗಳನ್ನು ಬಹುಪಾಲು ಖಾಲಿ ಮಾಡಿತು. ಜೇನುಪೆಟ್ಟಿಗೆಗಳು ಅಟ್ಟ ಸೇರಿದವು. ಆ ಒಂದೆರಡು ವರ್ಷ ಹಿತ್ತಲು ಮೌನವಾಗಿತ್ತು ಎಂದು ಹಳಬರು ಹೇಳುತ್ತಾರೆ. ಗಿಡ ಇದ್ದೂ ಹಿತ್ತಲು ಮೌನವಾಗಬಹುದು ಎಂಬುದು ನನ್ನನ್ನು ಮೂರನೆಯ ವಿಷಯಕ್ಕೆ ತಂದು ನಿಲ್ಲಿಸುತ್ತದೆ.

ಇಲ್ಲಿ ನನ್ನ ತಪ್ಪೊಪ್ಪಿಗೆಯಿಂದಲೇ ಶುರುಮಾಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಅಂಗಳದ ನಂದಿಬಟ್ಟಲು ಗಿಡ ಒಂದು ವಾರದಲ್ಲಿ ಬೋಳಾಗತೊಡಗಿತು. ನೋಡಿದರೆ ಬೆರಳು ಗಾತ್ರದ ಹಸಿರು ಹುಳುಗಳು. ಮುಟ್ಟಿದೊಡನೆ ತಲೆ ತಗ್ಗಿಸಿ, ಬೆನ್ನ ಮೇಲೆ ನೀಲಿ ಬಿಳಿಯ ಎರಡು ಕಣ್ಣು ಅರಳಿಸಿ ಹೆದರಿಸಿದವು. ನಿಜವಾದ ಕಣ್ಣಲ್ಲ, ಚರ್ಮದ ಚಿತ್ತಾರ. ನಾನು ಅಂಗಡಿಯಿಂದ ಪುಡಿ ತಂದು ಕದಡಿ ಹೊಡೆದೆ. ಮರುದಿನ ಬೆಳಿಗ್ಗೆ ಕಸಬರಿಗೆಯಲ್ಲಿ ಗುಡಿಸಿ ಹಾಕಿದೆ, ಮೂವತ್ತರ ಮೇಲಿದ್ದವು. ಗಿಡ ಉಳಿಯಿತು. ಎಷ್ಟೋ ವರ್ಷಗಳ ಮೇಲೆ ಬೆಲ್ ಮತ್ತು ಸ್ಕಾಟರ ಸಂಪುಟ ಕೈಗೆ ಸಿಕ್ಕಾಗ ತಿಳಿಯಿತು, ಅದು ಕಣಗಿಲೆ, ನಂದಿಬಟ್ಟಲು ತಿಂದು ಬೆಳೆಯುವ ಹಾಕ್ ಮಾತ್. ರಾತ್ರಿ ಅರಳುವ ಬಿಳಿ ಹೂಗಳ ಮುಂದೆ ಗಾಳಿಯಲ್ಲೇ ನಿಂತು, ಮೈಗಿಂತ ಉದ್ದದ ನಾಲಗೆ ಚಾಚಿ ಜೇನು ಹೀರುವ ಬಳಗದ್ದು. ಪಪ್ಪಾಯಿ ಗಿಡದಲ್ಲಿ ಗಂಡುಹೂವಿನಿಂದ ಹೆಣ್ಣುಹೂವಿಗೆ ಪರಾಗ ಒಯ್ಯುವುದೂ ಮುಸ್ಸಂಜೆಯಲ್ಲಿ ಈ ಬಳಗದವರೇ. ಅದೇ ಅಂಗಳದ ಇನ್ನೊಂದು ಮೂಲೆಯಲ್ಲಿ ಪಪ್ಪಾಯಿ ಕಾಯಿ ಕಚ್ಚಲಿಲ್ಲವೆಂದು ನಾನು ಅದೇ ಸುಮಾರಿಗೆ ಗೊಣಗುತ್ತಿದ್ದೆ. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ನನ್ನ ಗೊಣಗಾಟಕ್ಕೆ ಅರ್ಹತೆಯಂತೂ ಇರಲಿಲ್ಲ. ನಂದಿಬಟ್ಟಲಿನ ವಿಷಯ ಹೇಳುವುದಾದರೆ, ಅದನ್ನು ಹುಳು ಎಷ್ಟು ತಿಂದರೂ ಒಂದು ಮಳೆಗೆ ಮತ್ತೆ ಚಿಗುರುತ್ತದೆ.

ಈಗ ಕರ್ನಾಟಕದ ರಾಜ್ಯಚಿಟ್ಟೆಯನ್ನು ನೋಡಿ. ಸದರ್ನ್ ಬರ್ಡ್‌ವಿಂಗ್. ರೆಕ್ಕೆ ಬಿಚ್ಚಿದರೆ ಹದಿನಾಲ್ಕರಿಂದ ಹತ್ತೊಂಬತ್ತು ಸೆಂಟಿಮೀಟರು. ಹಾರುವಾಗ ಕಪ್ಪು ಮತ್ತು ಬಂಗಾರದ ಹಳದಿ. ಈ ಚಿಟ್ಟೆ ಮೊಟ್ಟೆ ಇಡುವುದು ಈಶ್ವರಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿಗಳ ಮೇಲೆ. ಬಳ್ಳಿಯಲ್ಲಿ ವಿಷ ಇದೆ. ಹುಳು ಅದನ್ನು ತಿಂದು ತಾನೂ ವಿಷವಾಗುತ್ತದೆ, ಹಕ್ಕಿ ಮುಟ್ಟುವುದಿಲ್ಲ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಇನ್ನೆರಡು ಚಿಟ್ಟೆಗಳ ಉಪಾಯವೂ ಇದೇ. ಇದರಲ್ಲಿ ಹಿತ್ತಲಿನವರಿಗೆ ಎಚ್ಚರದ ಮಾತೊಂದಿದೆ. ಈಶ್ವರಬಳ್ಳಿಯ ಕುಲದ್ದೇ ಆದ, ದೊಡ್ಡ ಚಿತ್ತಾರದ ಹೂ ಬಿಡುವ ದಕ್ಷಿಣ ಅಮೆರಿಕದ ಬಳ್ಳಿಯೊಂದು ನರ್ಸರಿಗಳಲ್ಲಿ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಅದನ್ನು ಅಂದಕ್ಕೆಂದು ಬೆಳೆಸಿದಾಗ ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆಗಳು ವಾಸನೆಗೆ ಮೋಸಹೋಗಿ ಅದರ ಮೇಲೆ ಮೊಟ್ಟೆ ಇಟ್ಟವು. ಎಲೆ ತಿಂದ ಮರಿಗಳು ಸತ್ತವು. ಕೊನೆಗೆ ಜನ ಸೇರಿ ಆ ಬಳ್ಳಿ ಕಿತ್ತು, ಸ್ಥಳೀಯ ಬಳ್ಳಿ ನೆಡಬೇಕಾಯಿತು. ನಮ್ಮ ಬಳಗದ ಒಬ್ಬರು ನೂರೈವತ್ತು ರೂಪಾಯಿ ಕೊಟ್ಟು ಅದೇ ಬಳ್ಳಿ ತಂದಿದ್ದರು, ಈ ಕಥೆ ಕೇಳಿದ ಮೇಲೆ ಎರಡು ದಿನ ನನ್ನ ಜತೆ ಮಾತು ಬಿಟ್ಟರು. ಮೂರನೆಯ ದಿನ ಬಳ್ಳಿ ಕಿತ್ತರು.

ಎಲ್ಲ ಹುಳುಗಳೂ ಅತಿಥಿಗಳೆಂದು ನಾನು ಹೇಳಿದರೆ ಮಾವಿನ ತೋಟದವರು ಎದ್ದು ನಿಲ್ಲುತ್ತಾರೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ತೆಳು ಸಿಪ್ಪೆ, ತುಂಬಾ ತಿರುಳು, ದೂರದ ಪ್ರಯಾಣ ತಡೆಯದ ಹಣ್ಣು. ಆ ತೆಳು ಸಿಪ್ಪೆಯನ್ನು ಹಣ್ಣುನೊಣ ಚುಚ್ಚಿ ಒಳಗೆ ಮೊಟ್ಟೆ ಇಟ್ಟರೆ ಹಣ್ಣು ಕೊಯ್ದಾಗ ನೋಟಕ್ಕೆ ಚೆನ್ನಾಗಿದ್ದು, ಹೆಚ್ಚಿದಾಗ ಹುಳು ಕಾಣುತ್ತದೆ. ಇದಕ್ಕೆ ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ಬಲೆ ಇದೆ, ಗಂಡುನೊಣಗಳು ಅದಕ್ಕೆ ಸೋತು ಬರುತ್ತವೆ. ಅದೇ ವಸ್ತು ತುಳಸಿ ಎಲೆಯಲ್ಲೂ ಇದೆ. ಅರೆದ ತುಳಸಿಯನ್ನು ನೀರಿನಲ್ಲಿ ಹಾಕಿ ಮರದ ಕೆಳಗೆ ಇಟ್ಟು ನೊಣ ಹಿಡಿಯುವುದುಂಟು. ಆದರೆ ನೊಣವನ್ನೆಲ್ಲ ಶತ್ರುವೆನ್ನಬೇಡಿ, ಮಾವಿನ ಹೂವಿಗೆ ಪರಾಗಸ್ಪರ್ಶ ಮಾಡುವವರಲ್ಲಿ ಬೇರೆ ಜಾತಿಯ ನೊಣಗಳದ್ದೇ ಮೇಲುಗೈ.

ಚಿಗಳಿಯೂ ಹೀಗೆ ಎರಡು ಮುಖದ್ದು. ಎಲೆ ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆ ಮಾವಿನ ಮರ ಹತ್ತಿದವರ ಶಾಪಕ್ಕೆಲ್ಲ ಗುರಿ. ಚೀನಾದ ಕಿತ್ತಳೆ ತೋಟದವರು ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆಯೇ ಇದರ ಗೂಡುಗಳನ್ನು ಕೊಂಡು ಮರಕ್ಕೆ ಕಟ್ಟುತ್ತಿದ್ದರು, ಹುಳು ತಿನ್ನಲೆಂದು. ನಮ್ಮ ಜೋಯಿಡಾ, ಯಲ್ಲಾಪುರದ ಕಡೆ ಇದರ ಚಟ್ನಿ ಅರೆಯುತ್ತಾರೆ. ಅದೇ ಇರುವೆ ಜಿಗಿ ಸುರಿಸುವ ಹಿಟ್ಟುತಿಗಣೆಗಳನ್ನು ದನ ಕಾದಂತೆ ಕಾಯುತ್ತದೆ ಕೂಡ. ನ್ಯಾಯತೀರ್ಮಾನ ಕೊಡುವುದು ಸುಲಭವಲ್ಲ.

ನಿಜವಾಗಿ ಕೈಮೀರುವುದು ಹೊರಗಿನಿಂದ ಒಂಟಿಯಾಗಿ ಬಂದ ಕೀಟ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟುತಿಗಣೆ ನಮ್ಮ ದಾಸವಾಳಗಳನ್ನೂ ಬಿಳಿ ಮಾಡಿತು. ಔಷಧ ಹೊಡೆದು ಹೊಡೆದು ಜನ ಸೋತರು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಅದರ ವೈರಿಯಾದ ಪುಟ್ಟ ಕಣಜ ತರಿಸಿ ಬಿಟ್ಟರು. ಗುಂಡುಸೂಜಿಯ ತಲೆಗಿಂತ ಚಿಕ್ಕ ಕಣಜ ಅದು. ಕೆಲಸ ಮುಗಿಸಿತು.

ಕೊನೆಯ ವಿಷಯ, ಬಳಗ.

ಗಿಡದವರ ಸಂಘ ಎಂದಾಗ ನೆನಪಾಗುವುದು ಲಾಲ್‌ಬಾಗಿನ ಗಾಜಿನಮನೆ, ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನ. ನನಗೂ ಅದು ಇಷ್ಟ. ಆದರೆ ಪ್ರದರ್ಶನಕ್ಕಿಡುವ ಕುಂಡದಲ್ಲಿ ತೂತು ಬಿದ್ದ ಎಲೆ ಇರುವಂತಿಲ್ಲ. ನಮ್ಮ ಬೀದಿಯ ಬಳಗವೂ ಮೊದಲ ಎರಡು ವರ್ಷ ಇದೇ ದಾರಿ ಹಿಡಿದಿತ್ತು. ಯಾರ ಕ್ರೋಟನ್ ಎಷ್ಟು ಬಣ್ಣ, ಯಾರ ಆರ್ಕಿಡ್ ಎಷ್ಟು ಹೂ. ಅಸೂಯೆಗೆ ಗೊಬ್ಬರ ಹಾಕಬೇಕಾಗಲಿಲ್ಲ. ಒಂದು ಚೌತಿಯಲ್ಲಿ ದಾರಿ ಬದಲಾಯಿತು. ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತೇವಲ್ಲ, ಕೊಂಕಣಿಯ ಮಾಟೋಳಿ, ಅದಕ್ಕೆ ಗೌರಿಹೂವು ಬೇಕಿತ್ತು. ಯಾರ ಹಿತ್ತಲಲ್ಲೂ ಇಲ್ಲ, ಕಳೆ ಎಂದು ಎಲ್ಲರೂ ಕಿತ್ತಿದ್ದರು. ಅಂಕೋಲೆ ಕಡೆಯ ಹಾಲಕ್ಕಿ ಅಕ್ಕ ಒಬ್ಬಳು ಬುಟ್ಟಿಯಲ್ಲಿ ತಂದಳು. ಎಲೆಯ ಮೇಲೆ ಕಪ್ಪು, ಬಿಳಿ, ಕೆಂಪು ಚುಕ್ಕೆಯ ಹುಳು ಇತ್ತು. ಯಾರೋ ಕಿರುಚಿದರು. ಅವಳು ಬೆರಳಲ್ಲಿ ಎತ್ತಿ ಪಕ್ಕದ ಎಲೆಗೆ ಬಿಟ್ಟು, “ಇದು ಇದ್ರ ಮೇಲೇ ಇರೂದು, ನಿಮ್ಮ ಗುಲಾಬಿಗೆ ಬರೂದಿಲ್ಲ” ಎಂದಳು. ಗೌರಿಹೂವಿನ ಗಡ್ಡೆ ವಿಷ, ಮಕ್ಕಳ ಕೈಗೆ ಕೊಡಬೇಡಿ ಎಂದೂ ಹೇಳಿದಳು. ಬೆಲ್ ಅವರ ಪುಟಗಳಲ್ಲಿ ಇರುವ ಜ್ಞಾನದ ಜಾತಿ ಇದೇ, ಯಾವ ಹುಳುವಿಗೆ ಯಾವ ಎಲೆ ಎಂಬುದು.

ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ಇಲ್ಲಿ ನೆನೆಯದೆ ಹೇಗೆ? ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ ದಶಕಗಳ ಕಾಲ ದುಡಿದವರು. ಕಾಡಿನಲ್ಲಿ ತಾಯಿಮರ ಯಾವುದೆಂದು ಗುರುತಿಸಿ, ಬೀಜ ಕೊಯ್ಯುವ ಹದ ತಿಳಿದು ಸಸಿ ಮಾಡುವುದು ಅವರ ವಿದ್ಯೆ. 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಪದ್ಮಶ್ರೀ ಪಡೆದರು, 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅವರಿಗೆ ಕೊಟ್ಟ ಹೊಗಳಿಕೆಯಲ್ಲಿ ‘ಕಾಡಿನ ವಿಶ್ವಕೋಶ’ ಎಂಬ ಮಾತು ಬಹಳ ಬಳಕೆಯಾಯಿತು. ನನಗೆ ಆ ಮಾತು ಅಷ್ಟು ಹಿಡಿಸದು. ವಿಶ್ವಕೋಶವನ್ನು ಕಪಾಟಿನಲ್ಲಿ ಇಡುತ್ತಾರೆ. ಅವರದು ಕೈಯಲ್ಲಿದ್ದ ವಿದ್ಯೆ, ಮಣ್ಣು ಮುಟ್ಟದೆ ಹೊರಬರುತ್ತಿರಲಿಲ್ಲ.

ಘಟ್ಟದ ಮೇಲೆ ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಅವರ ಮುಂದಾಳತ್ವದಲ್ಲಿ ಶುರುವಾದ ‘ವನಸ್ತ್ರೀ’ ನಮಗೆಲ್ಲ ಮಾದರಿ. ಮಲೆನಾಡಿನ ಹೆಂಗಸರು ತಮ್ಮ ಕೈತೋಟದ ಬೀಜ, ಗಡ್ಡೆ, ಕಡ್ಡಿಗಳನ್ನು ಕಾದಿಟ್ಟು ಒಬ್ಬರಿಗೊಬ್ಬರು ಹಂಚಿಕೊಳ್ಳುವ ಬಳಗ ಅದು. ಮಳೆ ಹಿಡಿಯುವ ಮೊದಲು ಅವರು ನಡೆಸುವ ಮಲೆನಾಡು ಮೇಳದಲ್ಲಿ ಬೀಜದ ಪೊಟ್ಟಣದ ಜತೆ ಮಾತೂ ಸಿಗುತ್ತದೆ, ಯಾವಾಗ ಬಿತ್ತಬೇಕು, ಎಷ್ಟು ಆಳ, ಯಾವ ಹುಳು ಬರುತ್ತದೆ. ಅಂಗಡಿಯ ಪೊಟ್ಟಣದ ಮೇಲೆ ಈ ಕೊನೆಯದನ್ನು ಅಚ್ಚು ಹಾಕುವುದಿಲ್ಲ.

ಅಲ್ಲಿಗೆ ಹೋಗಿ ಬಂದ ಮೇಲೆ ನಮ್ಮ ಬಳಗದಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು. ತಿಂಗಳಿಗೊಮ್ಮೆ ಸೇರುವಾಗ ಹೂ ತರಬೇಕಾಗಿಲ್ಲ, ಒಂದು ತೂತು ಬಿದ್ದ ಎಲೆ ತರಬೇಕು. ಯಾರು ತಿಂದರು ಎಂದು ಹೇಳಬೇಕು, ಗೊತ್ತಿಲ್ಲದಿದ್ದರೆ ಮುಂದಿನ ತಿಂಗಳೊಳಗೆ ಹುಡುಕಬೇಕು. ಈಗ ನಮ್ಮ ನೋಟುಪುಸ್ತಕದಲ್ಲಿ ಅರುವತ್ತೊಂದು ಎಲೆಗಳಿವೆ, ಅಂಟಿಸಿದವು. ಪುಸ್ತಕಕ್ಕೂ ಹುಳು ಹಿಡಿದಿದೆ, ಅದು ಬೇರೆ ಮಾತು.

ಡಬ್ಬಿಯ ವಿಷಯ ಹೇಳಿ ಮುಗಿಸುತ್ತೇನೆ. ಇದು ಕಾಮನ್ ಮಾರ್ಮನ್. ನಿಮ್ಮ ಮನೆಯ ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕೂತಿರುವ, ದೊಡ್ಡದಾದ ಮೇಲೆ ಹಸಿರಾಗುವ, ಮುಟ್ಟಿದರೆ ಕೆಂಪು ಕೋಡು ಚಾಚಿ ನಾರುವ ಹುಳು. ಗಂಡಿಗೆ ಒಂದೇ ವೇಷ. ಹೆಣ್ಣು ಮೂರು ವೇಷದಲ್ಲಿ ಬರುತ್ತದೆ. ಒಂದು ಗಂಡಿನಂತೆಯೇ. ಇನ್ನೆರಡು, ಆಗ ಹೇಳಿದ ಈಶ್ವರಬಳ್ಳಿ ತಿಂದು ವಿಷವಾದ ಎರಡು ಚಿಟ್ಟೆಗಳ ನಕಲು. ಕರಿಬೇವು ತಿಂದದ್ದಕ್ಕೆ ಎಲ್ಲಿಯ ವಿಷ? ವೇಷ ಕಂಡು ಹಕ್ಕಿ ಬಿಟ್ಟು ಹೋಗಬೇಕು, ಅಷ್ಟೇ. ಈಶ್ವರಬಳ್ಳಿ ಊರಿನಿಂದ ಹೋದರೆ ಮೂಲಚಿಟ್ಟೆ ಹೋಗುತ್ತದೆ, ಮೂಲ ಹೋದರೆ ಈ ವೇಷಕ್ಕೆ ಬೆಲೆಯಿಲ್ಲ.

ಇದರೊಳಗೆ ಗಂಡೋ, ಹೆಣ್ಣಾದರೆ ಯಾವ ವೇಷವೋ, ನನಗಿನ್ನೂ ಗೊತ್ತಿಲ್ಲ. ಕೋಶ ನಿನ್ನೆಯವರೆಗೆ ಹಸಿರಿತ್ತು, ಇಂದು ಮಧ್ಯಾಹ್ನದಿಂದ ಒಳಗಿನ ರೆಕ್ಕೆ ಕಪ್ಪಾಗಿ ತೋರುತ್ತಿದೆ. ಎಂದರೆ ನಾಳೆ ಬೆಳಿಗ್ಗೆ ಬಿಚ್ಚಬಹುದು. ಡಬ್ಬಿಯನ್ನು ಸಸ್ಯಶಾಸ್ತ್ರ ವಿಭಾಗದ ವಿದ್ಯಾರ್ಥಿಗಳ ಬಳಿ ಬಿಟ್ಟು ಹೋಗುತ್ತೇನೆ. ಮುಚ್ಚಳ ತೆಗೆದಿಡಿ, ರೆಕ್ಕೆ ಒಣಗುವವರೆಗೆ ಮುಟ್ಟಬೇಡಿ, ಕಿಟಕಿ ತೆರೆದಿರಲಿ. ದಯವಿಟ್ಟು ಫ್ಯಾನ್ ಮಾತ್ರ ಹಾಕಬೇಡಿ.